ಕೋಳಿ ತಿರುಗುವಷ್ಟು ಹೊತ್ತು

ಹೋದ ವರ್ಷ ಅಪ್ಪನಿಗೆ 70 ತುಂಬಿತು. ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಮಾಡುವ ರೂಢಿ ಇಲ್ಲ. ಆದರೂ ಊರಿಂದ ಅಪ್ಪ, ಅವ್ವ ಇಬ್ಬರೂ ಬಂದಿದ್ದರು, ಎಲ್ಲರೂ ಒಟ್ಟಿಗೆ ಸೇರೋದೇ ಅಪರೂಪ, ಹಾಗಾಗಿ ಹೊರಗೆ ಊಟ ಮಾಡೋಣ ಅಂತ ಹೊರಟೆವು. ಜಾಗ ಆರಿಸಿದವಳು ನಾನೇ. ಮೈಸೂರಿನ ಹೊರಗೆ ದೊಡ್ಡ ಅಂಗಳ, ಮರಕ್ಕೆಲ್ಲ ದೀಪದ ಸರ, ಬಾಗಿಲಲ್ಲೇ ಅಚ್ಚುಕಟ್ಟಾಗಿ ಜೋಡಿಸಿಟ್ಟ ಸೌದೆ, ಅದರ ಮೇಲೆ ‘ಸೌದೆ ಬೆಂಕಿಯಲ್ಲಿ ಸುಟ್ಟ ಇಡೀ ಕೋಳಿ’ ಅಂತ ಬೋರ್ಡು. ಅಪ್ಪನಿಗೆ ಸುಟ್ಟ ಕೋಳಿ ಅಂದ್ರೆ ಪ್ರಾಣ. ಬೋರ್ಡು ನೋಡಿದ ಕೂಡಲೇ ಇದೇ ಸರಿ ಅಂದುಕೊಂಡೆ. ಕೂತು ಎರಡು ಇಡೀ ಕೋಳಿ ಹೇಳಿದೆವು. ನೀರು ಕುಡಿದು ಲೋಟ ಕೆಳಗಿಡೋ ಹೊತ್ತಿಗೆ, ಹತ್ತೇ ನಿಮಿಷಕ್ಕೆ, ಕೋಳಿ ಬಂತು. ಮೇಲೆ ಕೆಂಪಗೆ ಹೊಳೀತಿತ್ತು. ಅಪ್ಪ ತೊಡೆ ಮುರಿದರು. ಮಾಂಸ ನಾರು ನಾರಾಗಿ ಬಿಟ್ಟುಕೊಂಡಿತು. ಎದೆಯ ತುಂಡು ಒಣಗಿ, ಬಾಯಲ್ಲಿ ಇಟ್ಟರೆ ಹತ್ತಿ ಅಗಿದ ಹಾಗಿತ್ತು. ಸ್ಪೀಕರಿನ ಸದ್ದಿಗೆ ನಮ್ಮ ಮಾತು ಅಪ್ಪನಿಗೆ ಕೇಳಿಸ್ತಲೇ ಇರಲಿಲ್ಲ, ಅವರ ಎಡಗಿವಿ ಮೊದಲೇ ಮಂದ. ಸುಮ್ನೆ ತಿಂದರು. ಅರ್ಧ ಆದಮೇಲೆ ನನ್ನ ಕಡೆ ಬಗ್ಗಿ ಒಂದೇ ಮಾತು ಕೇಳಿದರು.

“ಇದನ್ನ ಯಾವಾಗ ಸುಟ್ಟಿದ್ದು, ಮಗ?”

ನನ್ನ ಹತ್ರ ಉತ್ತರ ಇರಲಿಲ್ಲ. ಕೈ ತೊಳೆಯೋಕೆ ಹೋದಾಗ ಹಿಂದುಗಡೆ ನೋಡಿದೆ. ಗಾಜಿನ ಪೆಟ್ಟಿಗೆಯೊಳಗೆ, ಗ್ಯಾಸ್ ಉರಿಯ ಮುಂದೆ ಕೋಳಿಗಳು ತಿರುಗ್ತಿದ್ದವು. ವಾಪಸ್ ಬರುವಾಗ ಬಾಗಿಲ ಸೌದೆಯನ್ನೂ ಹತ್ತಿರದಿಂದ ನೋಡಿದೆ, ಅದರ ಸಂದಿಯಲ್ಲೆಲ್ಲ ಜೇಡರ ಬಲೆ. ಏಳಕ್ಕೆ ಒಳಗೆ ಹೋದವರು ಎಂಟರೊಳಗೆ ಬಿಲ್ ಕೊಟ್ಟು ಹೊರಗೆ ನಿಂತಿದ್ದೆವು. “ಚೆನ್ನಾಗಿತ್ತು ಬುಡು,” ಅಂದರು ಅಪ್ಪ, ನನ್ನ ಮುಖ ನೋಡಿ. ಆ ಮಾತಿಗೇ ನನಗೆ ಜಾಸ್ತಿ ಸಂಕಟ ಆಗಿದ್ದು.

ಆಮೇಲೆ ಎಷ್ಟೋ ದಿನ ಆ ಪ್ರಶ್ನೆ ತಲೆಯಲ್ಲಿ ಸುತ್ತುತ್ತಲೇ ಇತ್ತು. ಅಪ್ಪ ರುಚಿ ಕೆಟ್ಟಿದೆ ಅನ್ನಲಿಲ್ಲ, ಉಪ್ಪು ಕಮ್ಮಿ ಅನ್ನಲಿಲ್ಲ. ಯಾವಾಗ ಸುಟ್ಟಿದ್ದು ಅಂತ ಕೇಳಿದರು. ಮಧ್ಯಾಹ್ನವೇ ಬೆಂದು, ಆಮೇಲೆ ಗಂಟೆಗಟ್ಟಲೆ ಬಿಸಿಯಲ್ಲೇ ತಿರುಗಿ ತಿರುಗಿ ಒಣಗಿದ ಕೋಳಿ ಅಂತ ಅವರ ಹಲ್ಲಿಗೆ ಗೊತ್ತಾಗಿತ್ತು. ಬೇಯಿಸಿದ್ದನ್ನು 60 ಡಿಗ್ರಿಗಿಂತ ಮೇಲೆ ಬಿಸಿಯಾಗಿಟ್ಟರೆ ಆರೋಗ್ಯಕ್ಕೆ ತೊಂದರೆ ಇಲ್ಲ, ಆ ಹೋಟೆಲಿನವರು ಅಷ್ಟು ಮಾಡಿದ್ದಿರಬಹುದು. ಆದರೆ ಒಂದು ಸಲ ಬೆಂದ ಎದೆಮಾಂಸ ಆ ಬಿಸಿಯಲ್ಲಿ ಇನ್ನೆರಡು ಗಂಟೆ ಇದ್ದರೆ ಅದರಲ್ಲಿ ರಸ ಉಳಿಯಲ್ಲ. ಇಷ್ಟನ್ನು ನಾನೂ ಅರ್ಥ ಮಾಡಿಕೊಂಡೆ. ಆದರೂ ಅಪ್ಪ ಕೇಳಿದ್ದರಲ್ಲಿ ಇನ್ನೂ ಏನೋ ಇದೆ ಅನ್ನಿಸ್ತಿತ್ತು. ಅದು ಹೊಳೆದದ್ದು ಆಲೆಮನೆ ನೆನಪಾದ ಮೇಲೆ.

ದೊಡ್ಡಪ್ಪನ ಆಲೆಮನೆ

ನಮ್ಮೂರು ಪಾಂಡವಪುರದ ಕಡೆ. ನಾನು ಎಂಟೋ ಒಂಬತ್ತೋ ವರ್ಷದವಳಿದ್ದಾಗ ದೊಡ್ಡಪ್ಪನ ಆಲೆಮನೆ ಜೋರಾಗಿ ನಡೀತಿತ್ತು. ಸಂಕ್ರಾಂತಿ ಆಚೀಚೆಯ ಚಳಿ. ರಾತ್ರಿಯೆಲ್ಲ ಕೊಪ್ಪರಿಗೆಯಲ್ಲಿ ಹಾಲು ಕುದೀತಿತ್ತು. ಕಬ್ಬಿನ ಹಾಲು ಅಂತ ಬಿಡಿಸಿ ಹೇಳೋ ಅಗತ್ಯ ನಮ್ಮ ಕಡೆಯವರಿಗಿಲ್ಲ. ಒಂದು ವಾರದ ಬೆಲ್ಲ ಲಾರಿ ಹತ್ತಿ ಮಂಡ್ಯದ ಮಾರುಕಟ್ಟೆಗೆ ಹೋದ ರಾತ್ರಿ ಅಲ್ಲೇ ಕೋಳಿ ಸುಡೋರು. ಒಲೆ ಬಾಯಲ್ಲಿ ಅಷ್ಟು ಬೆಂಕಿ ಇದ್ದರೂ ಕೋಳಿಗೆ ಆ ಬೆಂಕಿ ಬೇಡ ಅನ್ನೋರು ದೊಡ್ಡಪ್ಪ. ಒಲೆಗೆ ಹಾಕ್ತಿದ್ದದ್ದು ಒಣಗಿದ ಕಬ್ಬಿನ ಸಿಪ್ಪೆ. ಅದು ಭಗ್ಗನೆ ಹತ್ತಿ ಅಷ್ಟೇ ಬೇಗ ಬೂದಿಯಾಗುತ್ತೆ, ಕೆಂಡ ನಿಲ್ಲಲ್ಲ. ಕೋಳಿಗೆ ಅಂತಲೇ ಹುಣಸೆಯದೋ ಜಾಲಿಯದೋ ಕೊರಡು ತಂದು, ಆಲೆಮನೆಯ ಪಕ್ಕ ಬಯಲಲ್ಲಿ ಬೇರೆ ಬೆಂಕಿ ಮಾಡೋರು. ಸಂಜೆ ಹಚ್ಚಿದ ಬೆಂಕಿ ಜ್ವಾಲೆ ಇಳಿದು ನಿಗಿ ನಿಗಿ ಕೆಂಡ ಆಗೋವರೆಗೂ ಕೋಳಿಯನ್ನು ಹತ್ತಿರಕ್ಕೂ ತರ್ತಿರಲಿಲ್ಲ.

ಕೋಳಿಯೂ ಎಂಥದ್ದೋ ಒಂದು ಆಗ್ತಿರಲಿಲ್ಲ. ಹುಂಜ ಸಾರಿಗೆ. ಮೊಟ್ಟೆ ಇಟ್ಟು ಮರಿ ಮಾಡಿದ ಕೋಳಿಯೂ ಸಾರಿಗೇ, ಅದನ್ನು ಎಷ್ಟು ಸುಟ್ಟರೂ ಚರ್ಮದ ಚಪ್ಪಲಿ. ಸುಡೋಕೆ ಹ್ಯಾಟೆ. ಇನ್ನೇನು ಮೊಟ್ಟೆಗೆ ಬರಬೇಕು ಅನ್ನೋ ವಯಸ್ಸಿನದು, ಮೈಯಲ್ಲಿ ಒಂದಿಷ್ಟು ಕೊಬ್ಬು ಇರುತ್ತೆ, ಮಾಂಸ ಎಳೆಯದು. ಪುಕ್ಕ ಕಿತ್ತು, ಹುಲ್ಲು ಬೆಂಕಿಯಲ್ಲಿ ಆಡಿಸಿ, ಅರಿಶಿನ ಹಚ್ಚಿ ತೊಳೆದು, ಉಪ್ಪು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಅರೆದು ಒಳಗೂ ಹೊರಗೂ ಬಳಿಯೋರು. ಆಮೇಲೆ ದೊಡ್ಡಪ್ಪ ಮಾಡ್ತಿದ್ದ ಒಂದು ಕೆಲಸ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ. ರೆಕ್ಕೆ, ಕಾಲು ಎರಡನ್ನೂ ನೆನೆಸಿದ ಬಾಳೆ ನಾರಿನಲ್ಲಿ ಮೈಗೆ ಬಿಗಿದು ಕಟ್ಟೋರು. ಕಬ್ಬಿಣದ ಸರಳನ್ನು ಉದ್ದಕ್ಕೆ ತೂರಿಸೋರು. ತೂರಿಸಿದ ಮೇಲೆ ಸರಳಿನ ಎರಡು ತುದಿಯನ್ನೂ ಎರಡು ಕೈಯ ತೋರುಬೆರಳಿನ ಮೇಲೆ ಇಟ್ಟು ಸುಮ್ನೆ ನೋಡೋರು. ಕೋಳಿ ತನ್ನಷ್ಟಕ್ಕೆ ಒಂದು ಕಡೆ ವಾಲಿ ತಿರುಗಿದರೆ ಸರಳು ಹೊರಗೆಳೆದು ಅರ್ಧ ಬೆರಳು ಆಚೆಗೆ ಮತ್ತೆ ಚುಚ್ಚೋರು. ಮತ್ತೆ ಬೆರಳ ಮೇಲೆ. ಅದು ವಾಲದೆ ನಿಂತ ಮೇಲೇ ಕವೆಗೋಲಿನ ಮೇಲೆ ಇಡ್ತಿದ್ದದ್ದು. ಭಾರ ಒಂದು ಕಡೆ ಜಾಸ್ತಿ ಇದ್ದರೆ ಆ ಕಡೆಯೇ ಪದೇ ಪದೇ ಕೆಳಗೆ ಬರುತ್ತೆ, ಅಲ್ಲಿ ಕರಟಿ ಇನ್ನೊಂದು ಕಡೆ ಹಸಿ ಉಳಿಯುತ್ತೆ. ಅಷ್ಟು ಹೊತ್ತು ಯಾರೂ ಅವರನ್ನು ಮಾತಾಡಿಸ್ತಿರಲಿಲ್ಲ.

ತಿರುಗಿಸೋ ಕೆಲಸ ಮಕ್ಕಳದ್ದು. ಸರಳಿನ ಒಂದು ತುದಿ ಬಗ್ಗಿಸಿ ಹಿಡಿ ಮಾಡಿದ್ದರು, ಅದಕ್ಕೆ ಒದ್ದೆ ಗೋಣಿ ಸುತ್ತಿ ನನ್ನ ಕೈಗೆ ಕೊಡೋರು. “ಒಂದು ಸುತ್ತಿಗೆ ಹತ್ತು ಎಣಿಸು. ನಿಲ್ಲುಸ್ಬೇಡ, ಓಡ್ಸಲೂಬೇಡ.” ನಾನು ಎಣಿಸ್ತಿದ್ದೆ. ಸ್ವಲ್ಪ ಹೊತ್ತಿಗೆ ಕೊಬ್ಬು ಕರಗಿ ಚರ್ಮದ ಮೇಲೆ ಒಂದು ಹೊಳಪು ಕಾಣಿಸ್ತಿತ್ತು. ಆ ಹೊಳಪು ಕೆಳಗೆ ಇಳಿದು ಇನ್ನೇನು ಬೀಳಬೇಕು ಅನ್ನುವಾಗ ಸರಳು ತಿರುಗಿ ಅದು ಮತ್ತೆ ಮೇಲೆ ಬಂದು, ಆ ಕಡೆಯಿಂದ ಈ ಕಡೆಗೆ ಹರಿಯೋದು. ಕೋಳಿ ತನ್ನ ಎಣ್ಣೆಯನ್ನು ತಾನೇ ಮೈಗೆ ಹಚ್ಚಿಕೊಂಡ ಹಾಗೆ. ಬೆಂಕಿಯ ಕಡೆ ಇದ್ದಾಗ ಚರ್ಮಕ್ಕೆ ಜೋರು ಕಾವು, ಮುಂದಿನ ಕ್ಷಣ ಆಚೆ ತಿರುಗಿದಾಗ ಅದಕ್ಕೆ ಬಿಡುವು. ಹೊರಗೆ ಕರಟೋಕೆ ಮುಂಚೆ ಒಳಗೆ ಬೇಯೋಕೆ ಟೈಮ್ ಸಿಗೋದು ಇದರಿಂದಲೇ ಅಂತ ದೊಡ್ಡವಳಾದ ಮೇಲೆ ಓದಿ ತಿಳಿದೆ. ಆಗ ಗೊತ್ತಿದ್ದದ್ದು ಹತ್ತರವರೆಗೆ ಎಣಿಸೋದು ಅಷ್ಟೇ. ಕೊನೆಗೆ, ಇನ್ನು ಹತ್ತು ನಿಮಿಷ ಇದೆ ಅನ್ನುವಾಗ, ದೊಡ್ಡಪ್ಪ ಕೊಪ್ಪರಿಗೆಯಿಂದ ಅರ್ಧ ಪಾಕಕ್ಕೆ ಬಂದ ಹಾಲು ಒಂದು ಸೌಟು ತಂದು, ಕರಿಬೇವಿನ ಕಂತೆ ಅದ್ದಿ ಕೋಳಿಗೆ ಸವರೋರು. ಮುಂಚೆ ಸವರಿದರೆ ಸಿಹಿ ಸೀದು ಕಹಿಯಾಗುತ್ತೆ.

ಕೋಳಿ ಬೇಯೋಕೆ ಹಿಡೀತಿದ್ದ ಈ ಒಂದೂಕಾಲು ಗಂಟೆಯಲ್ಲಿ ದೊಡ್ಡವರು ಏನು ಮಾಡ್ತಿದ್ದರು ಅಂದರೆ, ಬೆಂಕಿಯ ಸುತ್ತ ಕೂತು ಮಾತಾಡ್ತಿದ್ದರು. ನನ್ನ ಅಪ್ಪ ಮನೆಯಲ್ಲಿ ಮಾತಿಗೆ ಮಾತು ಅಷ್ಟೇ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡದೆ ಗದ್ದೆ ಬಾಯಿಬಿಟ್ಟ ವರ್ಷದ್ದು, ತಾತ ಎತ್ತು ಮಾರಿ ಅಪ್ಪನನ್ನು ಹೈಸ್ಕೂಲಿಗೆ ಸೇರಿಸಿದ್ದು, ಹಾಸ್ಟೆಲಿನಿಂದ ರಾತ್ರೋರಾತ್ರಿ ಓಡಿಬಂದದ್ದು, ಇವೆಲ್ಲ ನಾನು ಕೇಳಿದ್ದು ಆ ಬೆಂಕಿಯ ಮುಂದೆ, ಕೈಯಲ್ಲಿ ಸರಳಿನ ಹಿಡಿ ಹಿಡಿದುಕೊಂಡು, ಎಣಿಕೆ ತಪ್ಪಿ ಬೈಸಿಕೊಳ್ತಾ. ಕೋಳಿ ಬೇಯೋವರೆಗೆ ಯಾರೂ ಎದ್ದು ಹೋಗೋ ಹಾಗಿರಲಿಲ್ಲ. ಬೆಂದ ಮೇಲೆ ತಿನ್ನೋದು ಕಾಲು ಗಂಟೆಯಲ್ಲಿ ಮುಗೀತಿತ್ತು.

ಯಾವಾಗ ಸುಟ್ಟಿದ್ದು ಅಂತ ಅಪ್ಪ ಕೇಳಿದಾಗ ಅವರಿಗೆ ಸಿಗದೆ ಹೋಗಿದ್ದು ಈ ಒಂದೂಕಾಲು ಗಂಟೆ. ಆ ಸಂಜೆ ಹೋಟೆಲಿನವರು ಕಾಲು ಗಂಟೆಯ ಭಾಗವನ್ನು ಮಾತ್ರ ಕೊಟ್ಟಿದ್ದರು.

ಸರಳು ತಿರುಗಿಸಿದವರು

ಇಲ್ಲೊಂದು ಸಣ್ಣ ವಿಷಯ, ಓದುವಾಗ ಸಿಕ್ಕಿದ್ದು. ಸರಳಿನ ಹಿಡಿ ಹಿಡಿದು ಕೂತವರು ನಮ್ಮಂಥ ಮಕ್ಕಳು ಮಾತ್ರ ಅಲ್ಲ. ಯುರೋಪಿನ ದೊಡ್ಡ ಅಡುಗೆಮನೆಗಳಲ್ಲಿ ಹಿಂದೆ ಇದಕ್ಕೆ ಅಂತಲೇ ಹುಡುಗರು ಇರ್ತಿದ್ದರು, ಬೆಂಕಿಯ ಪಕ್ಕ ಬೆವರು ಸುರಿಸ್ತಾ. ಇಂಗ್ಲೆಂಡಿನಲ್ಲಿ ಮೋಟುಗಾಲಿನ, ಉದ್ದ ಮೈಯ ಒಂದು ಜಾತಿಯ ನಾಯಿಯನ್ನು ಇದೇ ಕೆಲಸಕ್ಕೆ ಬೆಳೆಸಿದ್ದರು. ಗೋಡೆಯ ಮೇಲಿನ ಗಾಲಿಯೊಳಗೆ ನಾಯಿ ಓಡಿದರೆ ಕೆಳಗೆ ಮಾಂಸ ತಿರುಗೋದು. ಯಂತ್ರ ಬಂದ ಮೇಲೆ ಆ ಜಾತಿಯೇ ಅಳಿದುಹೋಯಿತು. ಲಿಯೊನಾರ್ಡೊ ಡಾ ವಿಂಚಿ ಹೊಗೆಗೂಡಿನೊಳಗೆ ಮೇಲಕ್ಕೇರುವ ಬಿಸಿಗಾಳಿಯಿಂದಲೇ ಸರಳು ತಿರುಗಿಸುವ ರೆಕ್ಕೆಯ ಚಿತ್ರ ಬರೆದಿದ್ದಾನೆ. ಬೆಂಕಿ ಜೋರಾದರೆ ಸರಳೂ ಜೋರು, ಬೆಂಕಿ ಇಳಿದರೆ ಸರಳೂ ನಿಧಾನ. ಇದನ್ನು ಓದಿದಾಗ ನನಗೆ ದೊಡ್ಡಪ್ಪನಿಗೆ ತೋರಿಸಬೇಕಿತ್ತು ಅನ್ನಿಸಿತು, ಅವರು ಹೋಗಿ ಆರು ವರ್ಷ ಆಯಿತು. ನಾವು ಸಂಜೆ ತಿನ್ನೋ ಶವರ್ಮಾದ ಹೆಸರೂ ತಿರುಗಿಸೋದು ಅನ್ನೋ ಅರ್ಥದ ಟರ್ಕಿ ಮಾತಿನಿಂದಲೇ ಬಂದದ್ದು.

ಹುಡುಕಾಟ

ಮೂರು ತಿಂಗಳ ಹಿಂದೆ ಅಪ್ಪನ ಕಣ್ಣಿನ ಪೊರೆ ತೆಗೆಸೋಕೆ ಇಬ್ಬರೂ ಮತ್ತೆ ಕುವೆಂಪುನಗರದ ನಮ್ಮ ಮನೆಗೆ ಬಂದು ಒಂದು ತಿಂಗಳು ಇದ್ದರು. ಈ ಸಲ ಹುಟ್ಟುಹಬ್ಬ ಗಿಟ್ಟುಹಬ್ಬ ಏನಿಲ್ಲ. ಡಾಕ್ಟರು ಕಣ್ಣು ಸರಿ ಇದೆ ಅಂದ ಮೇಲೆ ಒಂದು ಸಂಜೆ ನಿಧಾನಕ್ಕೆ ಊಟ ಮಾಡಬೇಕು, ಅದೂ ಸೌದೆ ಬೆಂಕಿಯ ಮುಂದೆ ತಿರುಗಿದ ಕೋಳಿಯನ್ನೇ, ಅಂತ ಹಟ ಹಿಡಿದೆ. ಆದರೆ ಈ ಸಲ ಬೋರ್ಡು ನೋಡಿ ನಂಬಲಿಲ್ಲ.

ಮೈಸೂರಲ್ಲಿ ಸುಟ್ಟ ಕೋಳಿಗೆ ಬರ ಇಲ್ಲ. ರಸ್ತೆಬದಿಯ ಗಾಜಿನ ಪೆಟ್ಟಿಗೆಯ ಗ್ರಿಲ್ ಚಿಕನ್ ಇದೆ, ಈಗೀಗ ಎಲ್ಲಾ ಬಡಾವಣೆಯಲ್ಲೂ ಅಲ್ ಫಹಮ್ ಇದೆ. ಅಲ್ ಫಹಮ್ ನನಗೂ ಇಷ್ಟ. ಅರಬ್ಬಿಯಲ್ಲಿ ಫಹಮ್ ಅಂದರೆ ಇದ್ದಿಲು. ಕೋಳಿಯನ್ನು ಸೀಳಿ ಹರಡಿ, ಜಾಲರಿಯಲ್ಲಿ ಸಿಕ್ಕಿಸಿ, ನೇರ ಇದ್ದಿಲ ಮೇಲೆ ಸುಡ್ತಾರೆ, ಬೇಗ ಆಗುತ್ತೆ. ಗ್ಯಾಸಿನ ಮುಂದೆ ತಿರುಗಿದ ಕೋಳಿಯೂ ಹೊತ್ತಿಗೆ ಸರಿಯಾಗಿ ಇಳಿಸಿದರೆ ಕೆಟ್ಟದ್ದೇನಲ್ಲ. ನಾನು ಹುಡುಕ್ತಿದ್ದದ್ದು ಬೇರೆ ಊಟ. ಇಡೀ ಕೋಳಿ, ಸರಳು, ಸೌದೆ, ಮತ್ತೆ ನಾವು ಕಾಯೋದನ್ನು ತಪ್ಪು ಅಂದುಕೊಳ್ಳದ ಜಾಗ.

ಹಾಗಾಗಿ ಊಟದ ಹೊತ್ತಲ್ಲಿ ಹೋಗೋದನ್ನು ಬಿಟ್ಟು ಮಧ್ಯಾಹ್ನ ನಾಲ್ಕೂವರೆಗೆ ಹೋಗೋಕೆ ಶುರು ಮಾಡಿದೆ. ಆ ಹೊತ್ತಲ್ಲಿ ಹೋಟೆಲಿನ ಒಲೆ ಸುಳ್ಳು ಹೇಳೋಕಾಗಲ್ಲ. ರಾತ್ರಿ ಏಳೂವರೆಗೆ ಕೋಳಿ ಕೊಡಬೇಕು ಅಂದರೆ ಐದರ ಹೊತ್ತಿಗೆ ಸೌದೆಗೆ ಬೆಂಕಿ ಬಿದ್ದಿರಲೇಬೇಕು. ಕೆಂಡ ಆಗೋಕೆ ಒಂದು ಗಂಟೆ ಮೇಲೆ ಬೇಕು, ಆಮೇಲೆ ಒಂದೂಕಾಲು ಕೇಜಿಯ ಕೋಳಿ ಬೇಯೋಕೆ ಇನ್ನೊಂದು ಗಂಟೆ ಮೇಲೆ. ಮೊದಲು ಹೋದ ಜಾಗದಲ್ಲಿ ನಾಲ್ಕೂವರೆಗೇ ಕೋಳಿಗಳು ಬೆಂದು ಕೂತಿದ್ದವು. ಎರಡನೆಯದರಲ್ಲಿ ಬೆಂಕಿ ಇತ್ತು, ಆದರೆ ಉರೀತಿದ್ದದ್ದು ಒಡೆದ ಬಾಗಿಲು, ಪ್ಲೈವುಡ್ ಚೂರು, ಬಣ್ಣ ಬಳಿದ ಪಟ್ಟಿ. ಬಣ್ಣ, ಅಂಟು ಇರೋ ಮರದ ಹೊಗೆ ಊಟದ ಹತ್ತಿರ ಬರಲೇಬಾರದು. ನಾನು ಅಲ್ಲಿಂದ ಒಂದು ಮಾತೂ ಆಡದೆ ಬಂದೆ, ಆಡಬೇಕಿತ್ತು ಅಂತ ಈಗಲೂ ಅನ್ನಿಸುತ್ತೆ.

ಮೂರನೆಯದು ಬೋಗಾದಿಯಿಂದ ಆಚೆ, ರಿಂಗ್ ರಸ್ತೆ ದಾಟಿ. ಹೆಸರು ಬರೆಯಲ್ಲ, ಅಲ್ಲಿರೋದು ಹನ್ನೊಂದು ಮೇಜು, ಒಂದು ಒಲೆ, ಅದಕ್ಕಿಂತ ಜಾಸ್ತಿ ಜನ ಹೋದರೆ ಅವರ ಕೈಲಿ ಆಗಲ್ಲ. ಒಲೆ ನೋಡಿಕೊಳ್ಳೋರು ಮಳವಳ್ಳಿ ಕಡೆಯವರು, ಐವತ್ತರ ಆಚೆ ಈಚೆ. “ಅಣ್ಣಾ, ಸೌದೆ ನೋಡಬಹುದಾ?” ಅಂತ ಕೇಳಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಹಿಂದಿನ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಎರಡು ಸಾಲು ಸೌದೆ. ಒಂದು ಸಾಲಿನ ತುದಿ ಬಿರುಕು ಬಿಟ್ಟು ಬೂದು ಬಣ್ಣಕ್ಕೆ ತಿರುಗಿತ್ತು, ಇನ್ನೊಂದು ಇನ್ನೂ ಹಸಿ. “ಇದು ಯುಗಾದಿ ಆದ್ಮೇಲೆ ತಂದಿದ್ದು ಅಕ್ಕ, ಈಗ ಉರಿಸ್ತಾ ಇದೀವಿ. ಅದು ಮುಂದಿನ ವರ್ಷಕ್ಕೆ.” ಎರಡು ಒಣ ತುಂಡು ತೆಗೆದು ಒಂದಕ್ಕೊಂದು ಬಡಿದು ತೋರಿಸಿದರು, ಠಣ್ ಅಂದಿತು. ಹಸಿಯದನ್ನು ಬಡಿದರೆ ದಪ್ ಅಂತ ಸತ್ತ ಸದ್ದು. ಆಗಷ್ಟೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತೆ. ಅದು 20 ಪರ್ಸೆಂಟಿಗಿಂತ ಕೆಳಗೆ ಇಳಿಯೋವರೆಗೆ ಬೆಂಕಿಯ ಕಾವೆಲ್ಲ ನೀರು ಓಡಿಸೋದಕ್ಕೇ ಹೋಗುತ್ತೆ, ಬರೋದು ಕಣ್ಣುರಿಸೋ ದಪ್ಪ ಹೊಗೆ, ಮಾಂಸದ ಮೇಲೆ ಕೂತರೆ ಕಹಿ. ಒಣಗಿದ ಮರದಲ್ಲಿರೋ, ಅದಕ್ಕೆ ಗಟ್ಟಿತನ ಕೊಡೋ ಲಿಗ್ನಿನ್ ಕಾದು ಒಡೆದಾಗ ಹುಟ್ಟೋ ಗ್ವಾಯಕಾಲ್, ಸಿರಿಂಗಾಲ್ ಅನ್ನೋ ಅಂಶಗಳೇ ನಮಗೆ ಪ್ರಿಯವಾದ ಆ ಹೊಗೆ ವಾಸನೆ. ಇದನ್ನು ನಾನು ಓದಿ ತಿಳಿದಿದ್ದೆ, ಅವರು ಬಡಿದು ತಿಳಿದಿದ್ದರು. ಹುಣಸೆ, ಜಾಲಿ, ಸಿಕ್ಕರೆ ಮಾವು. ನೀಲಗಿರಿ ಮಾತ್ರ ಕೋಳಿಗೆ ಹಾಕಲ್ಲ, ಎಣ್ಣೆ ವಾಸನೆ ಹಿಡಿಯುತ್ತೆ ಅಂದರು.

ಒಲೆಯ ಹತ್ರ ಬಂದೆವು. ಇಟ್ಟಿಗೆಯ ಒಲೆ, ಮೇಲೆ ಎತ್ತರದ ಹೊಗೆಗೂಡು. ಬೆಂಕಿ ಹಿಂದಿನ ಗೋಡೆಗೆ ಒತ್ತಿಕೊಂಡು, ಸರಳು ಅದರ ಮುಂದೆ, ಒಂದು ಮೊಳ ದೂರದಲ್ಲಿ. ಕೋಳಿಯ ಕೆಳಗೆ ಕೆಂಡ ಇಲ್ಲ, ಒಂದು ಉದ್ದನೆ ತಟ್ಟೆ. ಇದು ನನಗೆ ಬಹಳ ಮುಖ್ಯ ಅನ್ನಿಸಿತು. ಕೊಬ್ಬು ನೇರ ಕೆಂಡಕ್ಕೆ ಬಿದ್ದರೆ ಭಗ್ಗನೆ ಜ್ವಾಲೆ ಎದ್ದು ಚರ್ಮಕ್ಕೆ ಮಸಿ ಹಿಡಿಯುತ್ತೆ. ಬೆಂಕಿ ಪಕ್ಕದಲ್ಲಿದ್ದರೆ ಕಾವು ಮಾತ್ರ ಬಂದು ತಾಗುತ್ತೆ. ಅವರು ಸರಳು ಇರೋ ಜಾಗದಲ್ಲಿ ಅಂಗೈ ಹಿಡಿದು, ಮೆಲ್ಲಗೆ ಒಂದು, ಎರಡು ಅಂತ ಎಣಿಸಿ, ಐದಕ್ಕೆ ಕೈ ತೆಗೆದರು. “ಮೂರಕ್ಕೇ ಕೈ ಎಳ್ಕೊಂಡ್ರೆ ಬೆಂಕಿ ಜಾಸ್ತಿ. ಎಂಟಾದ್ರೂ ಹಿಡಿಯೋಕಾದ್ರೆ ಕಮ್ಮಿ.” ಕೋಳಿ ಬೆಂದಿದ್ದು ಹೇಗೆ ಗೊತ್ತಾಗುತ್ತೆ ಅಂದೆ. ಕಾಲು ಹಿಡಿದು ಅಲ್ಲಾಡಿಸ್ತೀನಿ, ಕೀಲು ಸಡಿಲ ಬಿಟ್ಟಿರಬೇಕು, ತೊಡೆಗೆ ಚುಚ್ಚಿದರೆ ಬರೋ ರಸ ತಿಳಿಯಾಗಿರಬೇಕು ಅಂದರು. ಅಷ್ಟು ಹೇಳಿ ಜೇಬಿನಿಂದ ಒಂದು ಥರ್ಮಾಮೀಟರ್ ಕಡ್ಡಿಯನ್ನೂ ತೆಗೆದು ತೋರಿಸಿದರು. ತೊಡೆಯ ಒಳಗೆ 74 ಡಿಗ್ರಿ ದಾಟಿರಬೇಕು. ಮೂಳೆಯ ಪಕ್ಕ ಕೆಂಪು ಕಂಡರೆ ಗಿರಾಕಿಗಳು ಹಸಿ ಅಂತ ಗಲಾಟೆ ಮಾಡ್ತಾರೆ, ಎಳೆಯ ಕೋಳಿಯ ಮೂಳೆಯೊಳಗಿನ ಬಣ್ಣ ಹಾಗೆ ಇಳಿಯೋದು ಸಹಜ, ಅದಕ್ಕೇ ಈ ಕಡ್ಡಿ ಇಟ್ಟುಕೊಂಡಿದ್ದೀನಿ ಅಂದರು. ಕೆಂಪು ಬಣ್ಣ ಹಾಕ್ತೀರಾ ಅಂತ ಕೇಳೋದು ಉಳಿದಿತ್ತು. ತಲೆ ಅಲ್ಲಾಡಿಸಿದರು. ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಜೂನ್‌ನಲ್ಲಿ ಸರ್ಕಾರ ಆದೇಶ ಮಾಡೋಕೆ ಮುಂಚೆಯೂ ನಮ್ಮಲ್ಲಿ ಇರಲಿಲ್ಲ, ಬೆಂಕಿಯೇ ಕೊಡೋ ಬಣ್ಣ ಸಾಕು ಅಂದರು.

ನನ್ನ ನಾದಿನಿ ಮಾಂಸ ಬಿಟ್ಟು ನಾಲ್ಕು ವರ್ಷ ಆಯಿತು. ಅವಳಿಗೆ ಏನು ಅಂತ ಮೆನು ನೋಡಿದಾಗ ‘ಒಲೆಯಲ್ಲಿ ಬೆಂದ ಆಲೂಗಡ್ಡೆ’ ಅಂತ ಇತ್ತು. ಅದರ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಆಲೂಗಡ್ಡೆ ಬೇಯೋದು ಕೋಳಿಯ ಕೆಳಗಿನ ತಟ್ಟೆಯಲ್ಲಿ, ಮೇಲಿನಿಂದ ತೊಟ್ಟಿಕ್ಕೋ ಕೊಬ್ಬಿನಲ್ಲಿ. ಫ್ರಾನ್ಸಿನಲ್ಲೂ ಹೀಗೇ ಮಾಡ್ತಾರೆ, ತಿನ್ನೋರಿಗೆ ಅದು ಸ್ವರ್ಗ, ಆದರೆ ಸಸ್ಯಾಹಾರ ಅಲ್ಲ. ಸಸ್ಯಾಹಾರಿಗಳನ್ನು ಕರೆದುಕೊಂಡು ಹೋಗೋರು ಇದನ್ನು ಬಾಯಿಬಿಟ್ಟು ಕೇಳಲೇಬೇಕು. ಅವಳಿಗೆ ಬೇರೆ ಮಣ್ಣಿನ ಕುಡಿಕೆಯಲ್ಲಿ, ಒಲೆಯ ಇನ್ನೊಂದು ಮೂಲೆಯಲ್ಲಿ ಬದನೆಕಾಯಿ, ಜೋಳ, ಗೆಣಸು ಮಾಡಿಕೊಡ್ತೀವಿ ಅಂದರು.

ದಿನದ ಮಾತು ಬಂತು. ಭಾನುವಾರ ಬೇಡ ಅಂದರು ಅವರೇ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಸೋಮವಾರ, ಶನಿವಾರ ಮಾಂಸ ತಿನ್ನಲ್ಲ, ಎಲ್ಲರೂ ಭಾನುವಾರಕ್ಕೇ ಬಂದು ಬೀಳ್ತಾರೆ. ಅವತ್ತು ಸಂಜೆ ಅರಮನೆ ದೀಪ ನೋಡೋಕೆ ಬಂದ ಗಾಡಿಗಳೂ ಸೇರಿ ಊರೊಳಗಿಂದ ಹೊರಬರೋದೇ ಕಷ್ಟ. ಬುಧವಾರ ಬನ್ನಿ, ಆರೂವರೆಗೆ ಫೋನ್ ಮಾಡಿ, ನೀವು ಮನೆ ಬಿಟ್ಟಾಗ ನಾನು ಕೋಳಿ ಬೆಂಕಿ ಮುಂದೆ ಇಡ್ತೀನಿ, ಆಮೇಲೆ ಅವಸರ ಮಾಡಬಾರದು ಅಂದರು. ಆ ಕೊನೆಯ ಮಾತು ಕೇಳಿದ ಮೇಲೆ ನಾನು ಬೇರೆ ಜಾಗ ನೋಡಲಿಲ್ಲ.

ಬುಧವಾರ

ನಾವು ಹೋದಾಗ ಏಳು. ಹೊರಗಿನ ಮೇಜು, ಗಾಳಿ ಬೀಸೋ ಕಡೆ ಬೆನ್ನು. ಅವ್ವನಿಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತೆ, ಹೊಗೆ ಅವಳ ಕಡೆ ತಿರುಗಬಾರದು ಅಂತ ಎರಡು ಸಲ ಮೇಜು ಬದಲಾಯಿಸಿದೆ. ಸ್ಪೀಕರ್ ಇರಲಿಲ್ಲ. ಒಲೆಯೊಳಗೆ ಆಗಾಗ ಜಾಲಿ ಚಟ್ ಅಂತಿತ್ತು, ದೂರದಲ್ಲಿ ಬೆಟ್ಟದ ದೀಪ ಕಾಣ್ತಿತ್ತು. ಕೋಳಿ ಆಗಲೇ ಸರಳಿನ ಮೇಲಿತ್ತು, ಚರ್ಮ ಇನ್ನೂ ಬಿಳಿ.

ಅಪ್ಪ ಕೂರಲಿಲ್ಲ. ಹೊಸ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಒಲೆಯ ಹತ್ರ ಹೋದರು. ಉರಿಗೆ ಹತ್ತಿರ ಹೋಗಬೇಡಿ ಅಂತ ನಾನು ಹಿಂದೆಯೇ ಹೋದೆ.

“ಜಾಲಿಯಾ?” ಅಂದರು ಅಪ್ಪ.

“ಜಾಲಿ ಯಜಮಾನ್ರೇ. ಕೆಳಗೆ ಹುಣಸೆ ಕೊರಡು ಐತೆ.”

“ಹುಣಸೆ ಕೆಂಡ ಬೆಳಗಾಗೋಗಂಟ ಇರ್ತದೆ.”

“ಬೂದಿ ಮುಚ್ಚುದ್ರೆ ನಾಳೆ ಕಾಫಿ ಕಾಯಿಸ್ಬೋದು.”

ಅಷ್ಟೇ ಸಾಕಾಯಿತು. ಅಪ್ಪನಿಗೆ ಒಂದು ಸ್ಟೂಲು ತಂದು ಹಾಕಿದರು. ಸರಳಿಗೆ ಸಣ್ಣ ಮೋಟರ್ ಇತ್ತು, ಕರೆಂಟು ಹೋದರೆ ತಿರುಗಿಸೋಕೆ ಪಕ್ಕದಲ್ಲಿ ಹಿಡಿಯೂ ಇತ್ತು. ಅದನ್ನು ಮುಟ್ಟಿ ನೋಡಿದರು ಅಪ್ಪ. ನಮ್ಮಣ್ಣ ಸರಳನ್ನ ಬೆರಳ ಮೇಲೆ ಇಟ್ಟು ನೋಡ್ತಿದ್ದ ಅಂತ ಶುರುವಾದ ಮಾತು ಆಲೆಮನೆಗೆ, ಅಲ್ಲಿಂದ ಬೆಲ್ಲದ ರೇಟಿಗೆ, ಅಲ್ಲಿಂದ ಬನ್ನೂರು ಕುರಿಗೆ ಹೋಯಿತು. ಅವರು ತಿಂಗಳಿಗೊಂದು ಸಲ ಬನ್ನೂರು ಕುರಿಯ ತೊಡೆಯನ್ನು ಇದೇ ಒಲೆಯ ಮುಂದೆ ತಿರುಗಿಸ್ತಾರಂತೆ, ಮೂರು ಗಂಟೆ ಮೇಲೆ ಬೇಕಂತೆ. ನನ್ನ ಮಗಳು ತಾತನ ಕಾಲ ಹತ್ರ ಕೂತು ಕೇಳ್ತಿದ್ದಳು. ತಾತ ಹಾಸ್ಟೆಲಿನಿಂದ ಓಡಿಬಂದ ಕಥೆ ಅವಳಿಗೆ ಹೊಸದು. ನನಗೂ ಒಂದು ಹೊಸ ವಿಷಯ ಸಿಕ್ಕಿತು. ಆ ರಾತ್ರಿ ಅಪ್ಪನನ್ನು ಅರ್ಧ ದಾರಿಯಲ್ಲಿ ಕಂಡು ಸೈಕಲ್ ಮೇಲೆ ಕೂರಿಸಿಕೊಂಡು ಮನೆಗೆ ತಂದವರು ದೊಡ್ಡಪ್ಪ. ಯಾರಿಗೂ ಹೇಳಬೇಡ ಅಂದಿದ್ದರಂತೆ, ಇಷ್ಟು ವರ್ಷ ಅಪ್ಪ ಹೇಳಿರಲಿಲ್ಲ.

ಎಂಟೂಕಾಲಿಗೆ ಕೋಳಿ ಇಳಿಸಿದರು. ಕೂಡಲೇ ಕತ್ತರಿಸಲಿಲ್ಲ, ಮರದ ಹಲಗೆಯ ಮೇಲೆ ಹತ್ತು ನಿಮಿಷ ಹಾಗೇ ಬಿಟ್ಟರು. ಬಿಸಿಯಲ್ಲೇ ಕೊಯ್ದರೆ ರಸವೆಲ್ಲ ಹಲಗೆಗೆ ಹರಿದುಹೋಗುತ್ತೆ. ಅಷ್ಟರಲ್ಲಿ ನಾದಿನಿಯ ಕುಡಿಕೆ ಬಂದಿತ್ತು, ಸುಟ್ಟ ಬದನೆಕಾಯಿಗೆ ಹಸಿಮೆಣಸು, ಹುಣಸೆರಸ ಹಾಕಿದ್ದರು, “ಅತ್ತಿಗೆ, ಇದನ್ನ ಮನೇಲೂ ಮಾಡೋಣ” ಅಂದಳು. ಕೋಳಿಯ ಚರ್ಮ ಒಣಗಿದ ಎಲೆಯ ಹಾಗೆ ಚರಕ್ ಅಂದಿತು. ಬಣ್ಣ ಜೇನಿನದು, ಅಲ್ಲಲ್ಲಿ ಗಾಢ ಕಂದು. ತೊಡೆಯ ಕೀಲು ಬಿಡಿಸಿದಾಗ ಅದರ ಗುಳಿಯಲ್ಲಿ ಒಂದು ಚಮಚದಷ್ಟು ರಸ ನಿಂತಿತ್ತು. ಅಪ್ಪ ಆ ರಸಕ್ಕೆ ರೊಟ್ಟಿ ಅದ್ದಿ ಮೊದಲು ಮೊಮ್ಮಗಳಿಗೆ ಕೊಟ್ಟರು. ಆಮೇಲೆ ಅವರು ತಿಂದರು. ಎದೆಯ ಮಾಂಸವೂ ಒದ್ದೆಯಾಗೇ ಇತ್ತು. ತಟ್ಟೆಯ ಆಲೂಗಡ್ಡೆಗೆ ಮಾತ್ರ ಉಪ್ಪು ಒಂಚೂರು ಜಾಸ್ತಿ, ಅದನ್ನು ಅವರಿಗೆ ಹೇಳಿಯೂ ಬಂದೆ. ಏಳುವಾಗ ಹತ್ತು ಗಂಟೆ.

ಹುಡುಗ ತಟ್ಟೆ ತೆಗೆಯೋಕೆ ಬಂದಾಗ ಅವ್ವ ಅವನ ಕೈ ತಡೆದಳು. “ಮೂಳೆ ಬಿಸಾಕ್ಬೇಡ ಕಣಪ್ಪ, ಕಟ್ಕೊಡು.” ನನಗೆ ಒಂದು ಕ್ಷಣ ಸಂಕೋಚ ಆಯಿತು. ಅವನು ನಗುತ್ತಾ ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟ. ಮಾರನೆ ದಿನ ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಅವ್ವ ಆ ಎದೆಗೂಡು, ಮೂಳೆ ಎಲ್ಲ ಪಾತ್ರೆಗೆ ಹಾಕಿ, ಒಂದು ಈರುಳ್ಳಿ, ನಾಲ್ಕು ಕಾಳು ಮೆಣಸು, ಶುಂಠಿ ಜಜ್ಜಿ ಹಾಕಿ ಸಣ್ಣ ಉರಿಯಲ್ಲಿ ಇಟ್ಟಿದ್ದಳು. ಮಧ್ಯಾಹ್ನಕ್ಕೆ ತೆಳ್ಳನೆ ಸಾರು, ಮುದ್ದೆ. ಮುಚ್ಚಳ ತೆಗೆದಾಗ ಜಾಲಿ ಹೊಗೆಯ ವಾಸನೆ ಸಣ್ಣಗೆ ಬಂತು. ಅಪ್ಪ ಎರಡು ಸಲ ಬಡಿಸಿಕೊಂಡರು. “ಬನ್ನೂರು ಕುರಿ ಯಾವತ್ತು ಮಾಡ್ತಾರೆ ಅಂತ ಕೇಳ್ದಾ, ಮಗ?” ಅಂದರು. ಕೇಳಿರಲಿಲ್ಲ. ಊಟ ಮುಗಿಸಿ ಫೋನ್ ಮಾಡಿದೆ.